ಹೊತ್ತು ಮುಳುಗುವುದರೊಳಗೆ ಕೆಮ್ಮಬೇಕು

ಚಿಕ್ಕೋಡಿಯ ಆ ದವಾಖಾನೆಯಲ್ಲಿ ನನ್ನ ಹುದ್ದೆಯ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಫಿಜಿಯೋಥೆರಪಿಸ್ಟ್ ಎನ್ನುವ ಬದಲು ಎಲ್ಲರೂ ‘ಬೆನ್ನ ಬಡಿಯೂ ಬಾಯಾರ’ ಎನ್ನುತ್ತಿದ್ದರು; ಬಾಯಾರ ಎಂದರೆ ನಮ್ಮ ಕಡೆ ಅಮ್ಮನವರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಬಿಟ್ಟುಬಿಟ್ಟೆ. ಮಾಡುತ್ತಿದ್ದ ಕೆಲಸ ಅದೇ ಆಗಿರುವಾಗ ಜಗಳ ಯಾಕೆ? ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಐನಾಪುರದಿಂದ ಬಂದ ಒಬ್ಬ ಹೆಣ್ಣುಮಗಳ ಬೆನ್ನು ನನ್ನ ಕೈಗೆ ಬಂತು. ಅದಕ್ಕಿಂತ ಮೊದಲು ಎಷ್ಟೋ ಬೆನ್ನು ಬಡಿದಿದ್ದೆ, ಆಮೇಲೂ ಬಡಿದೆ. ಊಟ ಬಿಟ್ಟು, ನಿದ್ದೆ ಬಿಟ್ಟು ಯೋಚನೆ ಮಾಡುವಂತೆ ಮಾಡಿದ್ದು ಅದೊಂದೇ.

ಜೈನ ಒಕ್ಕಲು ಮನೆತನ. ಐವತ್ತು ದಾಟಿದ ವಯಸ್ಸು, ಸಣ್ಣ ಆಳು, ನೋಟ ಮಾತ್ರ ಚುರುಕು. ಮಗ ಮತ್ತು ಸೊಸೆ ಜೀಪಿನಲ್ಲಿ ಕರೆತಂದಿದ್ದರು. ಜ್ವರ ಬಂದು ಮನೆಯಲ್ಲೇ ಕಷಾಯ ಕುಡಿದು ಕೂತಿದ್ದರಂತೆ. ಉಸಿರು ಸಾಲದೆ ಮಾತು ಮುರಿದು ಮುರಿದು ಬರತೊಡಗಿದಾಗ ಮಗ ಕೇಳದೆ ಎತ್ತಿಕೊಂಡು ಬಂದಿದ್ದ. ನಮ್ಮ ಗಡಿಯ ಕಡೆ ಇಂಥ ಹಿರಿಯ ಹೆಂಗಸರನ್ನು ‘ಕಾಕು’, ಅಂದರೆ ಚಿಕ್ಕಮ್ಮ, ಎನ್ನುವುದು ರೂಢಿ. ನಾನೂ ಹಾಗೇ ಕರೆದೆ.

ಡಾಕ್ಟರು ಎಕ್ಸ್-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಎಡಗಡೆಯ ಕೆಳಭಾಗ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಹೃದಯದ ನೆರಳು ಆ ಕಡೆಗೇ ಜಗ್ಗಿ ನಿಂತಿತ್ತು.

“ಎಡಕ್ಕ ಕೆಳಗ ಗಾಳೀನ ಇಲ್ಲ” ಎಂದರು. “ಗಟ್ಟಿ ಕಫ ಹೋಗಿ ನಳಿಗಿಗೆ ಬೂಚ ಹಾಕಿದಂಗ ಕುಂತೈತಿ. ಬಲಕ್ಕ ಮ್ಯಾಲಿನ ಭಾಗ ಹಳೇ ಟಿಬಿ ತಿಂದ ಬಿಟ್ಟೈತಿ. ಉಳದಿದ್ದರ ಮ್ಯಾಲ ಉಸರಾಡಾಕತ್ತಾರ.”

“ಮಿರಜಿನ ದೊಡ್ಡ ದವಾಖಾನಿಗೆ ಕಳಸೂದಲ್ಲೇನ್ರಿ?” ಎಂದೆ.

“ಕಳಿಸಿದ್ರ ಗಂಟಲಾಗ ದುರ್ಬೀನ ಹಾಕಿ ತಗೀತಾರ. ಅದಕ್ಕ ಭೂಲ ಕೊಡಬೇಕು. ಈ ಎದಿ ಇಟ್ಕೊಂಡು ಭೂಲಿನಿಂದ ಎದ್ದ ಬರ್ತಾರಂತ ನಾ ಬರದ ಕೊಡಾಂಗಿಲ್ಲ.” ಭೂಲ ಎಂದರೆ ನಮ್ಮ ಕಡೆ ಎಚ್ಚರ ತಪ್ಪಿಸುವ ಔಷಧ. “ಇವತ್ತ ಮಂಗಳವಾರ. ಶನಿವಾರ ಮತ್ತೊಂದು ಫಿಲ್ಮ್ ತಗೀತೀನಿ. ಅಷ್ಟರಾಗ ನೀವು ಬೂಚ ಹೊರಗ ತಂದ್ರ ಛಲೋ. ಇಲ್ಲಂದ್ರ ಜೀಪ ತರಸೂದು, ಏನಾಗತೈತೋ ಆಗಲಿ.”

ನಾನು ಕಾಕುವಿನ ಬಳಿ ಹೋಗಿ ಬೆನ್ನಿಗೆ ಕೈಯಿಟ್ಟೆ. ಉಸಿರು ಎಳೆದಾಗ ಬಲಗಡೆಯ ಪಕ್ಕೆಲುಬು ಏಳುತ್ತಿತ್ತು, ಎಡಗಡೆಯದು ಕದಲುತ್ತಲೇ ಇರಲಿಲ್ಲ. ಕತ್ತಿನ ನರಗಳು ಬಿಗಿದು, ಭುಜಗಳು ಕಿವಿಯ ತನಕ ಏರಿ ಇಳಿಯುತ್ತಿದ್ದವು.

ಈ ಕೆಲಸದ ಗುಟ್ಟು ಇಷ್ಟೇ. ಶ್ವಾಸನಾಳ ಬೇರಿನಂತೆ ಕವಲೊಡೆದು ಕೆಳಗಿಳಿಯುತ್ತದೆ. ಕೆಳಗಿನ ಕವಲಿನಲ್ಲಿ ಕಫ ನಿಂತರೆ ಕೂತ ಮನುಷ್ಯನಿಗೆ ಅದನ್ನು ಮೇಲೆತ್ತಿ ಕೆಮ್ಮುವುದು ಕಷ್ಟ. ಅದಕ್ಕೇ ಮನುಷ್ಯನನ್ನೇ ಓರೆ ಮಾಡುತ್ತೇವೆ. ಕಾಟಿನ ಕಾಲ್ಕಡೆಗೆ ಇಟ್ಟಂಗಿ, ಅಂದರೆ ಇಟ್ಟಿಗೆ, ಇಟ್ಟು ಎತ್ತರಿಸಿ, ಸೊಂಟ ಮೇಲೆ, ತಲೆ ಕೆಳಗೆ ಆಗುವಂತೆ ಮಗ್ಗುಲಿಗೆ ಮಲಗಿಸಿದರೆ ಕಫ ತನ್ನ ಭಾರಕ್ಕೆ ತಾನೇ ದೊಡ್ಡ ನಳಿಗೆಯ ಕಡೆ ಜಾರುತ್ತದೆ. ಅಂಗೈಯನ್ನು ಬೊಗಸೆಯಂತೆ ಮಡಿಸಿ ಟವೆಲಿನ ಮೇಲೆ ತಟ್ಟಬೇಕು. ಬೆನ್ನುಮೂಳೆಯ ಮೇಲಲ್ಲ, ಮೂತ್ರಪಿಂಡದ ಮೇಲಲ್ಲ, ಪಕ್ಕೆಲುಬಿನ ಮೇಲೆ ಮಾತ್ರ. ಬೊಗಸೆಯಲ್ಲಿ ಸಿಕ್ಕ ಗಾಳಿಯ ಪೆಟ್ಟು ಒಳಗಿನ ಗೋಡೆಗೆ ಮುಟ್ಟಿ ಅಂಟಿದ್ದು ಸಡಿಲಾಗುತ್ತದೆ. ಉಸಿರು ಬಿಡುವಾಗ ಎರಡೂ ಕೈ ಒತ್ತಿ ನಡುಗಿಸಿದರೆ ಸಡಿಲಾದದ್ದು ಮುಂದಕ್ಕೆ ಸರಿಯುತ್ತದೆ. ಆಮೇಲೆ ರೋಗಿ ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಹಾಕುವಂತೆ ‘ಹಾ’ ಎಂದು ಗಾಳಿ ದಬ್ಬಬೇಕು. ಕೊನೆಗೆ ಕೆಮ್ಮಬೇಕು.

ಹೇಳಲು ಸುಲಭ. ತಲೆ ಕೆಳಗಾದಾಗ ಹೊಟ್ಟೆಯೊಳಗಿನದೆಲ್ಲ ಎದೆಯ ಕಡೆಗೆ ಒತ್ತುತ್ತದೆ, ಉಸಿರಿಗೆ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಭಾರ ಬೀಳುತ್ತದೆ. ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ. ಕಾಕುವಿನ ಹತ್ತಿರ ಖರ್ಚು ಮಾಡಲು ಉಸಿರೇ ಇರಲಿಲ್ಲ. ಈಗಿನಂತೆ ಬೆರಳಿಗೆ ಚಿಮಟ ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಯಂತ್ರವೂ ನಮ್ಮಲ್ಲಿರಲಿಲ್ಲ. ಉಗುರಿನ ಬಣ್ಣ, ತುಟಿಯ ಬಣ್ಣ, ನಾಡಿ ಇವನ್ನೇ ನಂಬಬೇಕಿತ್ತು.

ಮೊದಲ ಸಂಜೆಯೇ ಎಡವಟ್ಟಾಯಿತು. ಓರೆ ಮಲಗಿಸುವಾಗ ಹೊಟ್ಟೆ ಖಾಲಿ ಇರಲೇಬೇಕು. ಸಿಸ್ಟರಿಗೆ ಹೇಳಿದ್ದೆ, ಸಿಸ್ಟರು ಸೊಸೆಗೆ ಹೇಳಿದ್ದರು: “ಬಾಯಾರ ಬಂದ ಹೋಗೂತನ ರಾತ್ರಿ ಊಟ ಕೊಡಬ್ಯಾಡ್ರಿ.” ಸೊಸೆ ತಲೆಯಾಡಿಸಿದ್ದಳು. ದೀಪ ಹಚ್ಚುವ ಹೊತ್ತಿಗೆ ನಾನು ಹೋದೆ, ಇಟ್ಟಂಗಿ ಇಟ್ಟೆ, ಕಾಕುವನ್ನು ಬಲಮಗ್ಗುಲಿಗೆ ಮಲಗಿಸಿದೆ. ಹತ್ತು ಸಲ ತಟ್ಟಿರಲಿಲ್ಲ, ಗಂಟಲಿನಲ್ಲಿ ಗುಳುಗುಳು ಸದ್ದಾಗಿ ಅನ್ನ, ಬೇಳೆ ಎಲ್ಲ ಬಾಯಿಗೆ ಬಂತು.

ಅದು ಶ್ವಾಸನಾಳಕ್ಕೆ ಇಳಿದಿದ್ದರೆ ಶನಿವಾರದ ತನಕ ಕಾಯುವ ಪ್ರಸಂಗವೇ ಇರುತ್ತಿರಲಿಲ್ಲ. ಮುಖವನ್ನು ನೆಲದ ಕಡೆ ತಿರುಗಿಸಿ ಹಿಡಿದು, ಬೆರಳು ಹಾಕಿ ಬಾಯಿ ಬಳಿದೆ. ಸಿಸ್ಟರು ಕಾಲಿನಿಂದ ತುಳಿಯುವ ಸಕ್ಷನ್ ಯಂತ್ರ ಎಳೆತಂದು ಗಂಟಲು ಹೀರಿದರು. ಮಗ ಇಟ್ಟಂಗಿ ಒದ್ದು ಕಾಟು ಕೆಳಗಿಳಿಸಿದ. ಕಾಕುವಿನ ಉಸಿರು ಮತ್ತೆ ಹದಕ್ಕೆ ಬಂದ ಮೇಲೆ ನನ್ನ ಎಲ್ಲ ಸಿಟ್ಟೂ ಸೊಸೆಯ ಮೇಲೆ ಹೋಯಿತು.

“ಊಟ ಕೊಡಬ್ಯಾಡ ಅಂತ ಹೇಳಿರಲಿಲ್ಲೇನ?”

ಸೊಸೆ ಹೆದರಿ ಗೋಡೆಗೆ ಅಂಟಿದ್ದಳು. “ರಾತ್ರಿ ಊಟ ಬ್ಯಾಡಂದಿದ್ರಲ್ರೀ ಬಾಯಾರ. ನಮ್ಮ ಮನ್ಯಾಗ ರಾತ್ರಿ ಊಟಾನ ಇಲ್ರಿ. ಹೊತ್ತ ಮುಳಗೂದ್ರಾಗ ಉಣ್ತೀವಿ. ಅದಕ್ಕ ಅತ್ತಿಗೆ ಸಂಜೀಕ ಉಣಸಿದ್ನಿ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಿಗಲಿಲ್ಲ. ಇಲ್ಲದ ಊಟವನ್ನು ಕೊಡಬೇಡಿ ಎಂದು ನಾವು ಹೇಳಿದ್ದೆವು, ಇದ್ದ ಊಟವನ್ನು ಅವಳು ಕೊಟ್ಟಿದ್ದಳು. ಜೈನರ ಮನೆಗಳ ನಡುವೆಯೇ ಬೆಳೆದ ನನಗೆ ಅವರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ತಲೆಗೆ ಬರಬೇಕಲ್ಲ.

ಬುಧವಾರ ಬೆಳಗಾಗುತ್ತಲೇ ಖಾಲಿ ಹೊಟ್ಟೆಯಲ್ಲಿ ಮತ್ತೆ ಶುರು ಮಾಡಿದೆ. ರಾತ್ರಿಯೆಲ್ಲ ಕಫ ಒಂದೆಡೆ ಸೇರಿರುತ್ತದೆ, ಬೆಳಗಿನ ಹೊತ್ತೇ ಹೊರಬರುವುದು ಹೆಚ್ಚು; ಕಾಲೇಜಿನಲ್ಲಿ ಕಲಿತದ್ದು ಹಾಗೆ. ತಟ್ಟಿದೆ, ನಡುಗಿಸಿದೆ, ‘ಹಾ’ ಅನ್ನಿಸಿದೆ. ಕಾಕು ಹೇಳಿದ್ದನ್ನೆಲ್ಲ ಮಾಡಿದರು. ಬಂದದ್ದು ಉಗುರಿನಷ್ಟು, ಅದೂ ಹಲಸಿನ ಅಂಟಿನಂತೆ. ಬಟ್ಟಲಿಗೆ ಅಂಟಿದ್ದು ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ. ಇಂಥದ್ದನ್ನು ಎಷ್ಟು ಬಡಿದರೆ ತಾನೇ ಏನು? ನಾನು ರಭಸ ಹೆಚ್ಚಿಸಿದೆ. ಅದರಿಂದ ನಳಿಗೆಗಳು ಮುನಿಸಿಕೊಂಡು ಬಿಗಿದು, ಎದೆಯಲ್ಲಿ ಸಿಳ್ಳೆ ಏಳತೊಡಗಿತು. ನಿಲ್ಲಿಸಿ ಕೂರಿಸಿದೆ.

“ಕಾಕು, ರಾತ್ರಿ ನೀರ ಎಷ್ಟ ಕುಡದೀರಿ?”

ಸೊಸೆ ಹೇಳಿದಳು. “ಇಲ್ರಿ. ಚಾತುರ್ಮಾಸದಾಗ ಬಸದಿಗೆ ಹೋಗಿ ಮುನಿಗಳ ಮುಂದ ನೇಮ ತಗೊಂಡಾರ. ಹೊತ್ತ ಮುಳಗಿದ ಮ್ಯಾಲ ಒಂದ ಹನಿ ನೀರ ಸೈತ ಇಲ್ರಿ, ಬೆಳಕ ಹರದು ಅಂಗೈ ಗೆರಿ ಕಾಣೂತನ.”

ಜ್ವರದ ಮೈ, ಬಾಯಿಯಿಂದ ಉಸಿರು, ಮೂಗಿನಲ್ಲಿ ಸಿಲಿಂಡರಿನ ಒಣ ಗಾಳಿ. ಅದರ ಮೇಲೆ ಸಂಜೆಯಿಂದ ಬೆಳಗಿನ ತನಕ ನೀರಿಲ್ಲ. ಕಫ ಅಂಟಾಗದೆ ಇನ್ನೇನಾಗುತ್ತದೆ? ಡಾಕ್ಟರನ್ನು ಕೇಳಿದೆ, ಸಲೈನಾದರೂ ರಾತ್ರಿ ಹಾಕಬಾರದೇ ಎಂದು. ಅವರು ಕೈಚೆಲ್ಲಿದರು. ಹಿಂದಿನ ರಾತ್ರಿ ಸಲೈನು ಹಚ್ಚಲು ಹೋದಾಗ ಕಾಕು ಕೈ ಹಿಂದೆ ತೆಗೆದುಕೊಂಡು ಹೇಳಿದ್ದರಂತೆ: “ನೀರ ಬಾಯಿಲೆ ಹೋದರೇನ್ರಿ, ಕೈಲೆ ಹೋದರೇನ್ರಿ? ಒಳಗ ಹೋಗೂದು ನೀರಲ್ಲೇನು?” ಹಬೆಯಾದರೂ ತಗೊಳ್ಳಿ ಎಂದರೆ, “ಹಬಿ ಅಂದ್ರ ನೀರಲ್ಲೇನು?” ರೋಗಿಗಳಿಗೆ ವಿನಾಯಿತಿ ಉಂಟು ಎಂದು ಮಗ ಹೇಳಿ ನೋಡಿದ್ದ. “ವಿನಾಯ್ತಿ ಇದ್ದೀತು. ನಾ ವಿನಾಯ್ತಿ ಬೇಡಿ ನೇಮ ತಗೊಂಡಿಲ್ಲ” ಎಂದಿದ್ದರು. ವಾದದಲ್ಲಿ ಅವರನ್ನು ಗೆಲ್ಲುವವರು ಆ ದವಾಖಾನೆಯಲ್ಲಿ ಯಾರೂ ಇರಲಿಲ್ಲ.

ಬುಧವಾರ ಸಂಜೆಗೆ ತುಟಿ ಕಪ್ಪಿಡಲು ಶುರುವಾಯಿತು. ಮಾತು ಎರಡೆರಡು ಪದಕ್ಕೆ ಇಳಿಯಿತು. ಮಗ ನನ್ನನ್ನೂ ಡಾಕ್ಟರನ್ನೂ ಸಿಸ್ಟರನ್ನೂ ಹಿಂದಿನ ಪಡಸಾಲೆಗೆ ಕರೆದ. ಕಾಕುವಿನ ಕೋಣೆಯ ಕಿಟಕಿ ಆ ಪಡಸಾಲೆಗೇ ತೆರೆಯುತ್ತಿತ್ತು. ಮಳೆಯ ಮೋಡ ಕವಿದು ಹಗಲೇ ಮಬ್ಬಾಗಿತ್ತು.

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ” ಎಂದ ಮಗ. “ಅವ್ವಗ ಹೊತ್ತ ಗೊತ್ತಾಗೂದು ಒಳಗಿನ ಗಡಿಯಾರದಿಂದ. ಹೊರಗ ನೋಡಿದ್ರ ಮೋಡ. ನಾ ಗಡಿಯಾರದ ಮುಳ್ಳ ಎರಡ ತಾಸ ಹಿಂದ ಸರಸ್ತೀನಿ. ಕಿಟಕಿ ಹಾಕಿ ಟ್ಯೂಬ್‌ಲೈಟ್ ಹಚ್ಚೂನು. ಇನ್ನೂ ಹೊತ್ತ ಐತಿ, ಮಳಿ ಮೋಡ ಅಷ್ಟ ಅಂತ ಬಾಯಾರ ಹೇಳ್ಲಿ. ಬಾಯಾರ ಮಾತ ಕೇಳ್ತಾಳ. ನೀರ ಕುಡೀತಾಳ, ಹಬಿ ತಗೋತಾಳ. ಪಾಪ ಬಂದ್ರ ನನಗ ಬರ್ಲಿ.”

ಸಿಸ್ಟರು ಆಗಲೇ ಗಡಿಯಾರಕ್ಕೆ ಕೈ ಎಟುಕಿಸಲು ಸ್ಟೂಲಿನ ಕಡೆ ನೋಡುತ್ತಿದ್ದರು. ಡಾಕ್ಟರು ಮೀಸೆ ಕೆರೆದುಕೊಂಡರು. “ನನಗ ಅವರ ಮೈಯಾಗ ನೀರ ಹೋಗಬೇಕು. ಹೆಂಗ ಹೋತು ಅಂತ ನಾ ಕೇಳೂದಿಲ್ಲ.”

ಎಲ್ಲರೂ ನನ್ನ ಮುಖ ನೋಡಿದರು. ಆಗಲಿ ಎನ್ನಲು ಬಾಯಿ ತೆರೆದಿದ್ದೆ. ನಾನೇನು ಜೈನಳಲ್ಲ, ರಾತ್ರಿ ಹತ್ತಕ್ಕೂ ಉಣ್ಣುವವಳು. ಒಂದು ಸುಳ್ಳಿನಿಂದ ಒಂದು ಜೀವ ಉಳಿಯುವುದಾದರೆ ನೂರು ಸುಳ್ಳು ಹೇಳಲು ನನಗೆ ನಾಚಿಕೆಯಿಲ್ಲ. ಆದರೆ ಬೆಳಗಿನ ಕೆಲಸ ಕಣ್ಣ ಮುಂದೆ ಬಂತು. ನಾನು ‘ತಗೋರಿ’ ಎಂದಾಗ ನೋವಾದರೂ ಉಸಿರು ಎಳೆದಿದ್ದರು, ‘ಹಿಡೀರಿ’ ಎಂದಾಗ ಹಿಡಿದಿದ್ದರು. ತಲೆ ಕೆಳಗಾಗಿ ಜೀವ ಹೋಗುವಂತಾದರೂ ನನ್ನನ್ನು ನಂಬಿ ಮಲಗಿದ್ದರು.

“ಆಗಾಂಗಿಲ್ಲ” ಎಂದೆ.

“ಯಾಕ್ರಿ?” ಮಗನ ದನಿ ಏರಿತು. “ನಿಮ್ಮವ್ವ ಆಗಿದ್ರ?”

“ಇಂಜೆಕ್ಷನ್ ಆದ್ರ ಮಲಗಿದವರಿಗೂ ಕೊಡಬಹುದು. ನನ್ನ ಕೆಲಸ ಹಂಗಲ್ಲ. ಬಡಿಯೂದು ನಂದು, ಕೆಮ್ಮೂದು ಅವರ್ದು. ನಾಳಿಗೆ ಗೊತ್ತಾತಂದ್ರ ನಾ ಉಸರ ತಗೋರಿ ಅಂದಾಗ ತಗೋತಾರೇನು? ಹಾಸಗಿ ಮ್ಯಾಲ ಗ್ವಾಡಿ ಕಡೆ ಹೊಳ್ಳಿ ಮಲಗಿಬಿಟ್ರ ನಾ ಯಾರ ಬೆನ್ನ ಬಡೀಲಿ?”

“ಅಲ್ಲೀತನಾ ಅವ್ವ ಬದಕಿದ್ರಲ್ಲ, ಗೊತ್ತಾಗೂದು” ಎಂದು ಅವನು ಅತ್ತ ಹೊರಟುಹೋದ. ಆ ಮಾತು ನನಗೆ ಚುಚ್ಚಿತು. ಇಷ್ಟು ದೊಡ್ಡ ಮಾತಾಡಿ ನಾಳೆ ಇವರು ಸತ್ತರೆ ಏನು ಹೇಳಲಿ ಎಂದು ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಕಾಕುವಿನ ಬಳಿ ಹೋಗಿ ಕೂತೆ.

“ಕಾಕು, ನಿಮ್ಮ ನೇಮಕ್ಕ ನಾ ಕೈ ಹಚ್ಚೂದಿಲ್ಲ. ರಾತ್ರಿ ನಿಮ್ದು. ಆದ್ರ ಹಗಲ ಪೂರಾ ನನಗ ಕೊಡಬೇಕು. ನಾ ಹೇಳಿದಷ್ಟ ನೀರ ಕುಡೀಬೇಕು, ಹೇಳಿದಾಗ ಉಣಬೇಕು, ಸಾಕಂದ್ರ ಬಿಡಾಂಗಿಲ್ಲ. ಸಲೈನು, ಹಬಿ ಎಲ್ಲಾ ಹಗಲಿಗೆ.”

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ “ಆತು” ಎಂದರು.

“ರಾತ್ರಿ ಹೊಳ್ಳಿ ಮಲಗಿಸಿದ್ರ ನೇಮ ಮುರೀತೈತೇನ್ರಿ?”

“ಇಲ್ಲ.”

“ಉಸರ ಸಾವಕಾಶ ಎಳದ ಬಿಟ್ರ?”

ಅವರಿಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮಿಗೆ ಏನೂ ಬರಲಿಲ್ಲ. ಸೊಸೆಗೆ ಮಗ್ಗುಲು ಬದಲಿಸುವುದನ್ನು ಕಲಿಸಿದೆ. ಪಕ್ಕೆಗೆ ಅಂಗೈ ಇಟ್ಟು, ‘ನನ್ನ ಕೈ ಎತ್ತರಿ ಅತ್ತಿ’ ಎಂದು ಹೇಳಿ ಉಸಿರು ತೆಗೆಸುವುದನ್ನು ಕಲಿಸಿದೆ. ಕಫ ಇನ್ನಷ್ಟು ಒಣಗದಂತೆ ಮೂಗಿನ ಗಾಳಿಯನ್ನು ಡಾಕ್ಟರು ರಾತ್ರಿಗೆ ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದರು. ಸೊಸೆ ನಡುಗುತ್ತಲೇ ಕಲಿತಳು.

ಮನೆಗೆ ಹೋಗಿ ಪುಸ್ತಕದ ವೇಳಾಪಟ್ಟಿಯನ್ನು ತಲೆಕೆಳಗು ಮಾಡಿದೆ. ಎದ್ದ ಕೂಡಲೇ ಬಡಿಯುವುದು ಬೇಡ. ಮೊದಲು ನೀರು, ಆಮೇಲೆ ಹಬೆ, ಅದು ಇಳಿದು ಕಫ ನೆನೆಯಲು ಬಿಡುವು, ಆಮೇಲೆ ಇಟ್ಟಂಗಿ. ಊಟ, ಬಡಿದು ಮುಗಿದ ಮೇಲೆ. ಮಧ್ಯಾಹ್ನ ಹೊಟ್ಟೆ ಇಳಿದ ಮೇಲೆ ಇನ್ನೊಂದು ಸಲ. ಸಂಜೆ ಊಟಕ್ಕೂ ಹೊತ್ತು ಮುಳುಗುವುದಕ್ಕೂ ಮೊದಲು ಮೂರನೆಯ ಸಲ. ಔಷಧಗಳೆಲ್ಲ ಹಗಲಿಗೆ. ಡಾಕ್ಟರು ಬೆಳಿಗ್ಗೆ ಒಪಿಡಿ ಬಿಟ್ಟು ಬಂದು ಸಲೈನು ಹಚ್ಚಿಕೊಡಲು ಒಪ್ಪಿದರು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನಾನು ಕಾಯಿಸಿ ಸೋಸಿದ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಮೋಡದಲ್ಲಿ ಸೂರ್ಯ ಎಲ್ಲಿ ಕಾಣಬೇಕು? ಕಾಕು ತಮ್ಮ ಅಂಗೈಯನ್ನು ಕಿಟಕಿಗೆ ಹಿಡಿದರು. ಮುಖಕ್ಕೆ ತೀರಾ ಹತ್ತಿರ ತಂದು ನೋಡಿ, ಗೆರೆ ಇನ್ನೂ ಕಾಣುತ್ತಿಲ್ಲ ಎಂದು ತಲೆಯಾಡಿಸಿದರು. ಜ್ವರದಲ್ಲಿ ಅವರ ಕೈ ಬಾತು ಗೆರೆಗಳೇ ತೆಳುವಾಗಿದ್ದವು. ಒಂದೊಂದು ನಿಮಿಷವೂ ನನಗೆ ಲೆಕ್ಕ. ತಡೆಯಲಾರದೆ ನನ್ನ ಅಂಗೈ ಚಾಚಿದೆ.

“ನನ್ನ ಕೈ ನೋಡ್ರಿ ಕಾಕು. ನಂದು ಬಡದ ಬಡದ ಕೆಂಪಾಗೈತಿ, ಗೆರಿ ಲಗೂನ ಕಾಣ್ತಾವು.”

ಅವರು ನನ್ನ ಅಂಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಕಾಣಾಕತ್ತಾವ” ಎಂದು ತಂಬಿಗೆಗೆ ಕೈ ಚಾಚಿದರು. ಶಾಸ್ತ್ರ ಇದನ್ನು ಒಪ್ಪುತ್ತದೋ ಇಲ್ಲವೋ ನನಗೆ ತಿಳಿಯದು.

ಗುರುವಾರ ಕಫ ತೆಳುವಾಯಿತು. ಬಟ್ಟಲಿಗೆ ಜಾರಿ ಬೀಳುವಷ್ಟು, ಹಸಿರು ಬಣ್ಣದ್ದು, ದುರ್ನಾತದ್ದು. ಸಿಸ್ಟರು ಮೂಗು ಮುಚ್ಚಿಕೊಂಡರು, ನಾನು ಹಬ್ಬ ಮಾಡಿದೆ. ಆದರೆ ಸ್ಟೆತಾಸ್ಕೋಪ್ ಇಟ್ಟರೆ ಎಡಗಡೆಯ ಕೆಳಗೆ ಮೊದಲಿನ ಮೌನವೇ. ಬರುತ್ತಿದ್ದದ್ದು ಬೂಚಿನ ಸುತ್ತಮುತ್ತಲಿನದು, ಬೂಚು ಅಲ್ಲ.

ಶುಕ್ರವಾರ ಮಧ್ಯಾಹ್ನ ಇನ್ನೊಂದು ಪೆಟ್ಟು ಬಿತ್ತು. ಓರೆ ಮಲಗಿಸಿ ಸ್ವಲ್ಪ ಹೊತ್ತಿಗೇ ಉಗುರು ನೀಲಿಯಾಯಿತು. ನಾಡಿ ಬೆರಳ ಕೆಳಗೆ ಓಡತೊಡಗಿ, ನಡುನಡುವೆ ತಪ್ಪತೊಡಗಿತು. “ಬಾಯಾರ, ಕತ್ತಲಿ… ಬಂದಂಗಾಕತ್ತೈತಿ” ಎಂದರು. ಇಟ್ಟಂಗಿ ತೆಗೆದು, ಕೂರಿಸಿ, ಮುಂದೆ ದಿಂಬು ಕೊಟ್ಟು ಅದರ ಮೇಲೆ ಒರಗಿಸಿ, ಸಿಲಿಂಡರಿನ ಗಾಳಿ ಹೆಚ್ಚಿಸಿದೆ. ಮಗ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಅವನು ಬಯ್ದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಒಂದಿಷ್ಟು ಬಯ್ಯಬಹುದಿತ್ತು.

ಉಳಿದದ್ದು ಸಂಜೆಯ ಒಂದು ಸರದಿ. ಬೆಳಗಾದರೆ ಫಿಲ್ಮು.

ಆಗ ಇಟ್ಟಂಗಿಗಳನ್ನು ಹೊರಗೆ ಕಳಿಸಿಬಿಟ್ಟೆ. ಅಷ್ಟು ಹೊತ್ತೂ ನಾನು ತಲೆ ಕೆಳಗೆ ಮಾಡುವುದನ್ನೇ ನೆಚ್ಚಿಕೊಂಡಿದ್ದೆ. ಇವರ ಹೃದಯ ಅದನ್ನು ತಾಳುವುದಿಲ್ಲ ಎಂದಮೇಲೆ ಸಮತಟ್ಟಾಗಿಯೇ ಮಲಗಿಸಬೇಕು, ಇಳಿಜಾರು ಮಾಡುವ ಕೆಲಸವನ್ನು ಅವರ ಉಸಿರೇ ಮಾಡಬೇಕು. ಬೂಚಿನ ಹಿಂದೆ ಗಾಳಿ ಹೋಗದೆ ಬೂಚು ಹೊರಬರುವುದಿಲ್ಲ. ಹಿಂದಕ್ಕೆ ಗಾಳಿ ಹೋಗಬೇಕಾದರೆ ಸಾವಕಾಶವಾಗಿ, ಆಳವಾಗಿ ಎಳೆದು, ಹಿಡಿದಿಡಬೇಕು. ಪಕ್ಕದ ಸಣ್ಣ ಸಣ್ಣ ದಾರಿಗಳಿಂದ ಗಾಳಿ ತೂರಿಕೊಂಡು ಹಿಂದೆ ಸೇರುತ್ತದೆ. ಆಗ ದಬ್ಬಬೇಕು.

ನಾಲ್ಕರ ಸುಮಾರಿಗೆ ಬಲಮಗ್ಗುಲಿಗೆ ಸಮತಟ್ಟಾಗಿ ಮಲಗಿಸಿದೆ. ತಟ್ಟುವುದನ್ನು ಕಡಿಮೆ ಮಾಡಿದೆ. ಎಡ ಪಕ್ಕೆಯ ಮೇಲೆ ಎರಡೂ ಅಂಗೈ ಹಾಸಿದೆ.

“ಎಳೀರಿ… ಇನ್ನೂ… ಹಿಡೀರಿ. ಈಗ ಬಿಡ್ರಿ.” ಬಿಡುವಾಗ ನಡುಗಿಸುತ್ತ ಒತ್ತಿದೆ. ಉಸಿರು ತುದಿಗೆ ಬಂದಾಗ ಫಕ್ಕನೆ ಕೈ ತೆಗೆದೆ. ಹಾಗೆ ತೆಗೆದರೆ ಪಕ್ಕೆಲುಬು ತಾನೇ ಪುಟಿದು ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ. ವಿಶ್ರಾಂತಿ. ಮತ್ತೆ. ನಡುವೆ ಸೊಸೆ ಗುಟುಕು ಗುಟುಕಾಗಿ ನೀರು ಕೊಡುತ್ತಿದ್ದಳು. ಎಷ್ಟೋ ಸಲವಾದ ಮೇಲೆ ನನ್ನ ಅಂಗೈಯ ಕೆಳಗೆ ಏನೋ ಕರಕರ ಎಂದಂತಾಯಿತು. ಕೈ ತೆಗೆಯಲಿಲ್ಲ. ಮುಂದಿನ ಉಸಿರಿಗೂ ಕರಕರ.

“ಊಟದ ಹೊತ್ತ ಆತ್ರಿ ಬಾಯಾರ” ಎಂದಳು ಸೊಸೆ ಮೆಲ್ಲಗೆ. “ಈಗ ಉಣ್ಣದಿದ್ರ ನಾಳಿ ಮುಂಜಾನೀತನ ಇಲ್ಲ.”

ನಿಲ್ಲಿಸಿದರೆ ಸಡಿಲಾದದ್ದು ರಾತ್ರಿ ಮತ್ತೆ ಕೂರುತ್ತದೆ. ಮುಂದುವರಿಸಿದರೆ ಜ್ವರದ ಈ ದೇಹಕ್ಕೆ ರಾತ್ರಿಯೆಲ್ಲ ಉಪವಾಸ. ಕಾಕುವಿನ ಮುಖ ನೋಡಿದೆ.

“ಊಟ ಇರ್ಲಿ” ಎಂದರು ಕಾಕು. “ಒತ್ತರಿ.”

ಒತ್ತಿದೆ. ಅವರು ‘ಹಾ’ ಎಂದು ದಬ್ಬಿದರು. ಕರಕರ ಸದ್ದು ಮೇಲೇರಿತು, ಪಕ್ಕೆಯಿಂದ ಬೆನ್ನಿಗೆ, ಬೆನ್ನಿನಿಂದ ಎದೆಯ ನಡುವಿಗೆ. ಇದ್ದಕ್ಕಿದ್ದಂತೆ ಸದ್ದೆಲ್ಲ ನಿಂತಿತು. ಕಾಕು ಎದ್ದು ಕೂತು ಕಣ್ಣು ಅಗಲಿಸಿದರು. ಬೂಚು ದೊಡ್ಡ ನಳಿಗೆಗೆ ಬಂದು ಅಡ್ಡ ಕೂತಿತ್ತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಕುತ್ತಿಗೆಯ ಗುಳಿ ಒಳಕ್ಕೆ ಎಳೆದುಕೊಂಡಿತು. ಮಗ “ಅವ್ವಾ” ಎಂದು ಮುಂದೆ ಬಂದ, ಸಿಸ್ಟರು ಸಕ್ಷನ್ ತುಳಿಯತೊಡಗಿದರು. ಅದರ ನಳಿಕೆ ಅಲ್ಲಿಯ ತನಕ ಮುಟ್ಟುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಹಿಂದಿನಿಂದ ಅಪ್ಪಿ ಹಿಡಿದು ಕೆಳಗಿನ ಪಕ್ಕೆಲುಬುಗಳ ಮೇಲೆ ಎರಡೂ ಕೈ ಕಟ್ಟಿ, ಅವರ ಕಿವಿಗೆ ಬಾಯಿಟ್ಟು ಹೇಳಿದೆ. “ಕಾಕು, ಹೆದರಬ್ಯಾಡ್ರಿ. ಒಳಗ ಇದ್ದಷ್ಟರಾಗ ಕೆಮ್ಮರಿ. ಈಗ.”

ಅವರ ಹೊಟ್ಟೆ ನನ್ನ ಕೈಯ ಕೆಳಗೆ ಕಲ್ಲಾಯಿತು. ಅದೇ ಹೊತ್ತಿಗೆ ನಾನು ಒತ್ತಿದೆ. ಒಂದು ಕೆಮ್ಮು ಬಂತು. ಅಂಥ ಕೆಮ್ಮನ್ನು ನಾನು ಮತ್ತೆ ಕೇಳಿಲ್ಲ. ಬಟ್ಟಲಿಗೆ ಬಿದ್ದದ್ದು ಬೂದುಬಣ್ಣದ್ದು, ಹಸಿ ಶುಂಠಿಯ ತುಂಡಿನಂತೆ ಕವಲೊಡೆದದ್ದು. ಅದರ ಹಿಂದೆಯೇ ಕೀವು, ಆಮೇಲೆ ಗಾಳಿ. ಕಾಕು ಗಾಳಿಯನ್ನು ಗಟಗಟ ಕುಡಿದಂತೆ ಎಳೆದುಕೊಂಡರು. ಎಡಗಡೆಯ ಪಕ್ಕೆಲುಬು ನನ್ನ ಮುಂಗೈಯನ್ನು ಎತ್ತಿತು. ನಾನು ಅತ್ತುಬಿಟ್ಟೆ. ಮಗ ಬಟ್ಟಲನ್ನೇ ನೋಡುತ್ತ ನೆಲಕ್ಕೆ ಕೂತಿದ್ದ.

ಸೊಸೆ ನೀರಿನ ಲೋಟ ಹಿಡಿದು ಬಂದಳು. ಕಾಕು ಬಾಯಿ ಒಣಗಿ ನಾಲಿಗೆ ಹೊರಳದ ಸ್ಥಿತಿಯಲ್ಲಿ ಕಿಟಕಿಯ ಕಡೆ ತಿರುಗಿ ನೋಡಿದರು. ಹೊರಗೆ ಬೆಳಕು ಹೋಗಿತ್ತು. ಲೋಟವನ್ನು ಕೈಯಿಂದ ಮೆಲ್ಲಗೆ ಸರಿಸಿದರು.

ಶನಿವಾರ ಡಾಕ್ಟರು ಹಸಿ ಫಿಲ್ಮನ್ನೇ ಎತ್ತಿ ಹಿಡಿದರು. ಬಿಳಿ ಕರಗಿ ಕೆಳಗೆ ಕಪ್ಪು ಮೂಡಿತ್ತು, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯ ಗೆರೆ ಕಾಣುತ್ತಿತ್ತು, ಹೃದಯದ ನೆರಳು ತನ್ನ ಜಾಗಕ್ಕೆ ಮರಳುತ್ತಿತ್ತು. “ಮಿರಜ ಬ್ಯಾಡ” ಎಂದರು. ಮಗ ನನ್ನ ಹತ್ತಿರ ಬಂದು ಕೈಮುಗಿದ. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಹೇಳಲಿಲ್ಲ, ಆದರೂ ಗೆದ್ದೆ ಎಂದು. ಆ ಹೆಮ್ಮೆ ಅವರು ಊರಿಗೆ ಹೊರಡುವ ದಿನದ ತನಕ ಇತ್ತು.

ಆ ದಿನ ಮಗ ಜೀಪು ತರಲು ಹೋಗಿದ್ದ, ಸೊಸೆ ಪಾತ್ರೆ ಕಟ್ಟುತ್ತಿದ್ದಳು. ಕೊನೆಯ ಸಲ ಬೆನ್ನಿಗೆ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಎರಡೂ ಕಡೆ ಸರಿಯಾಗಿ ಏಳುತ್ತಿತ್ತು.

“ಬಾಯಾರ” ಎಂದರು ಕಾಕು, ನನ್ನ ಕಡೆ ತಿರುಗದೆ. “ಆವತ್ತ ಪಡಸಾಲ್ಯಾಗ ನನ್ನ ಮಗ ಗಡಿಯಾರದ ಮಾತ ಆಡಿದ್ನಲ್ಲ, ನನಗ ಎಲ್ಲಾ ಕೇಳಸ್ತಿತ್ರಿ.”

ನನ್ನ ಕೈ ಅಲ್ಲೇ ನಿಂತಿತು.

“ನೀವು ಒಳಗ ಬಂದು, ಇನ್ನೂ ಹೊತ್ತ ಐತಿ ಅಂತೀರಿ ಅಂತ ಹಾದಿ ನೋಡ್ಕೋತ ಕುಂತಿದ್ನಿ. ಅಂದಿದ್ರ ನಂಬಿದಂಗ ಮಾಡಿ ಕುಡೀತಿದ್ನಿ. ನೇಮ ನಾ ಮುರದಂಗ ಆಗತಿರಲಿಲ್ಲ, ಜೀವಾನೂ ಉಳೀತಿತ್ತು. ಮೊಮ್ಮಕ್ಕಳ್ನ ನೋಡೂ ಆಸೆ ಯಾರಿಗಿಲ್ರಿ?”

ಅವರ ನಂಬಿಕೆ ಉಳಿಸುತ್ತ ನಾನು ಅವರನ್ನು ಎಲ್ಲಿಯ ತನಕ ತಳ್ಳಿದ್ದೆನೆಂದು ಆಗ ಗೊತ್ತಾಯಿತು.

“ಮತ್ತ ಆವಾಗ ಯಾಕ ಹೇಳಲಿಲ್ಲ ಕಾಕು?”

“ಹೆಂಗ ಹೇಳ್ಲಿ? ಸುಳ್ಳ ಹೇಳ್ರಿ ಅಂತ ನಾನ ಕೇಳಿದ್ರ ನೇಮ ನಾನ ಮುರದಂಗಲ್ಲೇನು?” ಎಂದು ಅವರು ಸೆರಗು ಹೊದ್ದುಕೊಂಡು ಎದ್ದು ನಿಂತರು. “ನೀವ ಸುಳ್ಳ ಹೇಳಲಿಲ್ಲ. ಕಡೀಕ ನಾನ ಕೆಮ್ಮಬೇಕಾತು.”